ಜೆಸಿಬಿ ಪುಸ್ತಕದ ತೂಕ

ನಮ್ಮ ಕೇರಿಯಲ್ಲಿ ಯಾರ ಮಾತನ್ನು ನಂಬದಿದ್ದರೂ ಬು ವರ್ಸಿನಿ ಹೇಳುವ ತೂಕವನ್ನು ನಂಬಬೇಕು. ಇಪ್ಪತ್ತಾರು ವರ್ಷಗಳಿಂದ, ಪ್ರತಿ ತಿಂಗಳ ಎರಡನೇ ಬುಧವಾರ, ಸಮುದಾಯ ಭವನದ ತೊಲೆಗೆ ತೂಗುಕೋಲು ಕಟ್ಟಿ ಕೇರಿಯ ಐದು ವರ್ಷದೊಳಗಿನ ಮಕ್ಕಳನ್ನೆಲ್ಲ ತೂಗುತ್ತ ಬಂದ ಹೆಂಗಸು ಆಕೆ. ಸಂಬಳ ಗಿಂಬಳ ಏನೂ ಇಲ್ಲ. ವರ್ಷಕ್ಕೊಂದು ಸಮವಸ್ತ್ರದ ಬಟ್ಟೆ ಕೊಡುತ್ತಾರೆ, ಅದೂ ಒಂದು ತೋಳಿಗೆ ಸಾಲುವುದಿಲ್ಲ. ಪಕ್ಕದಲ್ಲಿ ಕೂತು ತೂಕ ಬರೆದುಕೊಳ್ಳುವವಳು ನಾನು, ಬು ಲಾಸ್ಮಿ. ನಮ್ಮ ಕಡೆ ಹೆಂಗಸರನ್ನು ಗೌರವದಿಂದ ಬು ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಒಂದು ಗ್ರಾಂ ಹೆಚ್ಚಿಗೆ ಬರೆಯಲು ಆಕೆ ನನ್ನನ್ನು ಬಿಟ್ಟಿಲ್ಲ.

ತೂಗುಕೋಲಿನ ಒಂದು ಕಡೆ ಮಗು ಕೂರುವ ಬಟ್ಟೆಯ ಜೋಳಿಗೆ, ಇನ್ನೊಂದು ತುದಿಗೆ ಮರಳಿನ ಪುಟ್ಟ ಚೀಲ, ಕೋಲಿನ ಮೇಲೆ ಸರಿಸಿ ತೂಕ ನೋಡುವ ಗುಂಡು. ಮಗುವನ್ನು ಕೂರಿಸುವ ಮುಂಚೆ ಖಾಲಿ ಜೋಳಿಗೆಯ ತೂಕಕ್ಕೆ ಸರಿಯಾಗಿ ಆ ಚೀಲಕ್ಕೆ ಮರಳು ಹಾಕಿ ಕೋಲು ಮಟ್ಟಸವಾಗಿ ನಿಲ್ಲುವ ಹಾಗೆ ಮಾಡಬೇಕು. ಬೇರೆ ಕೇರಿಗಳಲ್ಲಿ ಇದನ್ನು ವರ್ಷಕ್ಕೊಮ್ಮೆ ಮಾಡಿದರೆ ಹೆಚ್ಚು. ಬು ವರ್ಸಿನಿ ಪ್ರತಿ ಮಗುವಿಗೂ ಮಾಡುತ್ತಾಳೆ. ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದಿದ್ದರೆ ತಗಡಿನ ಹಳೇ ಚಮಚದಿಂದ ಅರ್ಧ ಚಮಚ ಮರಳು ಹೆಚ್ಚಿಗೆ ಹಾಕುತ್ತಾಳೆ. "ಬಟ್ಟೆ ತೂಕ ಬಟ್ಟೇದು, ಮಗು ತೂಕ ಮಗೂದು ಲಾಸ್ಮಿ. ಒಂದರದ್ದು ಇನ್ನೊಂದಕ್ಕೆ ಸೇರಬಾರದು" ಅನ್ನುತ್ತಾಳೆ.

ಟೋಪಿ, ಚಪ್ಪಲಿ, ಬಳೆ, ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡ ಹಪ್ಪಳದ ಚೂರು, ಎಲ್ಲ ಬಿಚ್ಚಿಸಿ ಕಿತ್ತಿಟ್ಟ ಮೇಲೇ ತೂಕ. ಒಮ್ಮೆ ವಾರ್ಡಿನ ಸಾಹೇಬರ ಹೆಂಡತಿ ಮೊಮ್ಮಗನನ್ನು ಕರೆದುಕೊಂಡು ಬಂದು, "ಚಳಿ ಕಣ್ರೀ, ಡೈಪರ್ ಇರ್ಲಿ ಬಿಡಿ" ಅಂದರು. ಬು ವರ್ಸಿನಿ "ಇಂಗ್ಗೀ" ಅಂದಳು. ಅನ್ನುತ್ತಲೇ ಡೈಪರ್ ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. ನಮ್ಮಲ್ಲಿ ದೊಡ್ಡವರ ಮುಖಕ್ಕೆ ಆಗುವುದಿಲ್ಲ ಅನ್ನುವ ಪದ್ಧತಿ ಇಲ್ಲ, ಇಂಗ್ಗೀ ಅನ್ನಬೇಕು. ಇಂಗ್ಗೀ ಅಂದರೆ ಆಗಲಿ ಅಂತ. ಆಗಲಿ ಅಂದದ್ದೆಲ್ಲ ಆಗುತ್ತದೆ ಅಂತ ತಿಳಿದುಕೊಂಡವರು ನಮ್ಮ ಈ ಸೆಮಾರಾಂಗ್ ಊರಿನಲ್ಲಿ ಹುಟ್ಟಿದವರಲ್ಲ.

ಇಂಥವಳ ಸ್ವಂತ ಮೊಮ್ಮಗಳೇ ಕೆಂಪು ಗೆರೆಯ ಕೆಳಗಿದ್ದಳು. ಗೆಂಡಿಸ್ ಅಂತ ಹೆಸರು, ಎರಡು ವರ್ಷ ದಾಟಿ ಮೂರು ತಿಂಗಳು. ಗೆಂಡಿಸ್ ಅಂದರೆ ಸಕ್ಕರೆ. ಹೆಸರಿಟ್ಟವರ ಬಾಯಿ ಸಿಹಿಯಾಗಿರಲಿ, ಮಗು ಮಾತ್ರ ಪೊರಕೆ ಕಡ್ಡಿ. ಪ್ರತಿ ಮಗುವಿನ ಕಾರ್ಡಿನಲ್ಲೂ ಹಸಿರು ಪಟ್ಟಿ, ಹಳದಿ ಪಟ್ಟಿ, ಅದರ ಕೆಳಗೆ ಕೆಂಪು ಗೆರೆ ಇರುತ್ತದೆ. ಆ ಗೆರೆಯೂ ಸುಮ್ಮನೆ ಮಲಗಿರುವುದಿಲ್ಲ, ತಿಂಗಳು ತಿಂಗಳು ಮೇಲಕ್ಕೆ ಹತ್ತುತ್ತದೆ. ಗೆಂಡಿಸ್ ಏಳು ಕೆಜಿ ಒಂಬೈನೂರಕ್ಕೆ ನಿಂತುಬಿಟ್ಟಿದ್ದಳು. ಮಗುವಿನ ತಾಯಿ ರಾತ್ಮಿ ಬೆಳಗಾಗುವ ಮುಂಚೆ ಗಾರ್ಮೆಂಟ್ಸಿಗೆ ಹೋಗುವವಳು, ಉಣಿಸುವ ಕೆಲಸ ಅಜ್ಜಿಯದು. ಆರೋಗ್ಯ ಕೇಂದ್ರದ ನರ್ಸ್ ಬು ತಿತಿಕ್ ಗೆರೆಯ ಕೆಳಗಿನ ಮಕ್ಕಳಿಗೆ ಅಂತ ದಿನಕ್ಕೊಂದು ಮೊಟ್ಟೆ ಕೊಡುತ್ತಿದ್ದಳು, ವಾರಕ್ಕೊಮ್ಮೆ ಮನೆಗೆ ಬಂದು ನೋಡುತ್ತಿದ್ದಳು. ಕೇರಿಯ ಹೆಂಗಸರು ಬಾವಿಕಟ್ಟೆಯಲ್ಲಿ "ಮನೆಗೆ ಮಾರಿ, ಊರಿಗೆ ಉಪಕಾರಿ" ಅಂತ ಆಡಿಕೊಂಡರು. ನನಗೆ ಕೇಳಿಸುವ ಹಾಗೇ ಆಡಿಕೊಂಡರು, ನಾನೂ ಅವರಿಗೆ ಕೇಳಿಸುವ ಹಾಗೇ ಬೈದೆ.

ನಮ್ಮ ಮಕ್ಕಳು ಮನೆಯಲ್ಲಿ ಕೂತು ಉಣ್ಣುವ ಜಾತಿಯಲ್ಲ. ಸೊಂಟಕ್ಕೆ ಬಟ್ಟೆಯಲ್ಲಿ ಮಗು ಕಟ್ಟಿಕೊಂಡು, ಕೈಯಲ್ಲಿ ಬಟ್ಟಲು ಹಿಡಿದು, ಸಂಜೆ ನಾಲ್ಕಕ್ಕೆ ಕೇರಿ ಸುತ್ತಬೇಕು. ಬೆಕ್ಕು ತೋರಿಸಿದರೆ ಒಂದು ತುತ್ತು, ಕೋಳಿ ತೋರಿಸಿದರೆ ಒಂದು ತುತ್ತು. ಮೂಲೆಮನೆಯ ಹುಡುಗನಿಗೆ ರೈಲು ಬೇಕು, ಬಾವಿಮನೆಯ ಅವಳಿಗಳಿಗೆ ಮಾಂಸದುಂಡೆ ಮಾರುವವನ ತಳ್ಳುಗಾಡಿ ಬೇಕು. ಗೆಂಡಿಸಿಗೆ ಯಾವುದೂ ಬೇಡ. ಬೆಕ್ಕು ನೋಡಿದರೆ ಬಾಯಿ ಬಿಗಿಯುವಳು. ರೈಲು ನೋಡಿದರೆ ಬಾಯಲ್ಲಿದ್ದದ್ದನ್ನೂ ಉಗಿಯುವಳು.

ಮಳೆ ನಿಂತ ಮೇಲೆ ಕಾಲುವೆಯ ಹೂಳೆತ್ತಲು ಜೆಸಿಬಿ ಬಂತು. ಹಳದಿ ಬಣ್ಣ, ಒಂದು ಹಲ್ಲು ಮುರಿದ ಬಕೆಟ್ಟು. ಗೆಂಡಿಸ್ ಅದನ್ನು ನೋಡಿದಳು, ಬಾಯಿ ತೆರೆದಳು, ಮುಚ್ಚಲಿಲ್ಲ. ಬು ವರ್ಸಿನಿ ತೆರೆದ ಬಾಯಿಗೆ ಅನ್ನ ಹಾಕಿದಳು, ನುಂಗಿತು. ಇನ್ನೊಂದು ಹಾಕಿದಳು, ಅದನ್ನೂ ನುಂಗಿತು. ಅನ್ನ, ಸೊಪ್ಪಿನ ತಿಳಿಸಾರು, ಮೊಟ್ಟೆ, ಇಡೀ ಬಟ್ಟಲು ಖಾಲಿ! ಆಕೆ ಓಡಿ ಬಂದು ನನಗೆ ಬಟ್ಟಲು ತೋರಿಸಿದಳು. ಇಷ್ಟು ವರ್ಷದಲ್ಲಿ ಆಕೆ ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಂಬತ್ತು ದಿನ ನಮ್ಮ ಕೇರಿಯ ಊಟದ ಹೊತ್ತನ್ನು ಗೊತ್ತು ಮಾಡಿದವನು ಜೆಸಿಬಿ ಡ್ರೈವರ್. ಅವನು ಬೀಡಿ ಹಚ್ಚಲು ನಿಲ್ಲಿಸಿದರೆ ಮಕ್ಕಳ ಬಾಯಿ ಬಂದ್.

"ಏನಣ್ಣ, ಇನ್ನೆರಡು ಬಕೆಟ್ ಎತ್ತಪ್ಪ, ಬಟ್ಟಲಲ್ಲಿ ಇಷ್ಟೇ ಉಳಿದಿರೋದು!" ಅಂತ ದಡದಿಂದ ತಾಯಂದಿರು ಕೂಗುವರು.

"ಅಲ್ಲಿ ಹೂಳೇ ಇಲ್ಲ ಕಣಕ್ಕ!"

"ಹಾಕಿದ್ದನ್ನೇ ಮತ್ತೆ ಎತ್ತು, ಯಾರ್ ಕೇಳ್ತಾರೆ!"

ಪಾಪ, ಅವನು ಎತ್ತುತ್ತಿದ್ದ. ಆ ತಿಂಗಳ ಬುಧವಾರ ಗೆಂಡಿಸ್ ಎಂಟು ಕೆಜಿ ನೂರು ತೂಗಿದಳು. ಮಾರನೇ ದಿನ ಲಾರಿ ಬಂದು ಜೆಸಿಬಿಯನ್ನು ಹೇರಿಕೊಂಡು ಹೋಯಿತು. ಮಗು ದಡದ ಕಡೆ ಬೆರಳು ತೋರಿಸಿ ಅತ್ತಿತು. ಬಟ್ಟಲು ಮತ್ತೆ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರತೊಡಗಿತು.

ಅದೇ ವಾರ ಜಿಲ್ಲಾ ಕಚೇರಿಯಿಂದ ಒಂದು ಪೆಟ್ಟಿಗೆ ಬಂತು. 'ಪುಟಾಣಿಗಳಿಗೆ ಪುಸ್ತಕ' ಅಂತ ಯೋಜನೆಯಂತೆ. ಒಳಗೆ ಇಪ್ಪತ್ತು ಪುಸ್ತಕ. ಹತ್ತೊಂಬತ್ತರಲ್ಲಿ ಹಲ್ಲುಜ್ಜುವ ಮೊಲ, ಕೈ ತೊಳೆಯುವ ಆಮೆ, ಹಿರಿಯರಿಗೆ ನಮಸ್ಕರಿಸುವ ಜಿಂಕೆ. ಇಪ್ಪತ್ತನೆಯದು ಮಾತ್ರ ಪುಸ್ತಕ. ರಟ್ಟಿನ ದಪ್ಪ ಹಾಳೆ, ಮುಖಪುಟದ ತುಂಬ ಹಳದಿ ಜೆಸಿಬಿ. ಒಳಗೂ ಒಂದು ಹಾಳೆ ಜೆಸಿಬಿ, ಆಮೇಲೆ ರೋಡ್ ರೋಲರ್, ಕ್ರೇನ್, ಟಿಪ್ಪರ್, ಕಾಂಕ್ರೀಟ್ ತಿರುಗಿಸುವ ಗಾಡಿ, ಎಲ್ಲಕ್ಕೂ ಕಣ್ಣು, ಮೂಗು, ನಗು. ಒಂದರಲ್ಲೂ ಡ್ರೈವರ್ ಇಲ್ಲ. ರಸ್ತೆಗಳೆಲ್ಲ ತಮ್ಮಷ್ಟಕ್ಕೆ ಆಗುತ್ತವೆ ಅಂತ ನಮ್ಮ ಕಚೇರಿಗಳ ನಂಬಿಕೆಗೆ ಅದು ಸರಿಯಾಗಿಯೇ ಇತ್ತು.

ಪೆಟ್ಟಿಗೆ ತೆಗೆದುಕೊಂಡವರು ಕೇರಿಯ ಮುಖ್ಯಸ್ಥ ಪಕ್ ಸುತಾರ್ಜೋ. ಹೆಂಗಸರಿಗೆ ಬು ಅಂದ ಹಾಗೆ ಗಂಡಸರಿಗೆ ಪಕ್. ಮೂವತ್ತೊಂದು ವರ್ಷ ಸರ್ಕಾರಿ ಗೋದಾಮಿನಲ್ಲಿ ಉಗ್ರಾಣಿಯಾಗಿದ್ದು ನಿವೃತ್ತರಾದವರು. ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಕುರ್ಚಿ ಹಾಕಿಸುವವರು ಅವರೇ, ಕೊನೆಗೆ ಎಣಿಸಿಕೊಂಡು ಹೋಗುವವರೂ ಅವರೇ. ಗೋದಾಮು ಬಿಟ್ಟರೂ ಬೀಗದ ಕೈ ಬಿಡಲಿಲ್ಲ. ಇಪ್ಪತ್ತೂ ಪುಸ್ತಕಗಳನ್ನು ಸಮುದಾಯ ಭವನದ ಗಾಜಿನ ಬೀರುವಿನಲ್ಲಿಟ್ಟು ಬೀಗ ಜಡಿದರು. ಪೆಟ್ಟಿಗೆಯ ಜೊತೆ ಬಂದಿದ್ದ 'ಮುಟ್ಟಿ, ಓದಿ, ಬೆಳೆಯಿರಿ' ಅನ್ನುವ ಚೀಟಿಯನ್ನು ಗಾಜಿನ ಹೊರಗೆ ಅಂಟಿಸಿದರು. ಯಾಕೆಂದರೆ ಒಳಗೆ ಅಂಟಿಸಿದರೆ ಪುಸ್ತಕ ಕಾಣುವುದಿಲ್ಲವಂತೆ.

ಬು ವರ್ಸಿನಿ ಹೋಗಿ ಬೀರುವಿನ ಮುಂದೆ ನಿಂತಳು. ನಾನೂ ಜೊತೆಗಿದ್ದೆ.

"ಪಕ್, ಆ ಜೆಸಿಬಿ ಪುಸ್ತಕ ಒಂದ್ ಗಂಟೆ ಕೊಡ್ತೀರಾ? ಮಗೂಗೆ ಉಣಿಸ್ಕೊಂಡು ವಾಪಸ್ ಕೊಡ್ತೀನಿ."

"ಅಯ್ಯೋ ಬು, ಮಕ್ಕಳ ಕೈಗೆ ಕೊಟ್ರೆ ಹಾಳಾಗಿಹೋಗುತ್ತಲ್ಲ!"

"ಮಕ್ಕಳ ಪುಸ್ತಕ ಅಲ್ವಾ ಪಕ್?"

"ಮಕ್ಕಳದೇ. ಅದಕ್ಕೇ ಜೋಪಾನ ಮಾಡ್ತಿರೋದು. ಮೂರು ತಿಂಗಳಿಗೆ ಕೇರಿ ಕೇರಿಗಳ ಸ್ಪರ್ಧೆ ಇದೆ ಕಣ್ರೀ. ತೀರ್ಪುಗಾರರು ಬರ್ತಾರೆ. ಪುಸ್ತಕ ಓದೋ ಪುಟಾಣಿಗಳು ಅಂತ ಒಂದು ಅಂಕ, ಗೆರೆ ಕೆಳಗೆ ಒಂದೂ ಮಗು ಇರಬಾರದು ಅಂತ ಇನ್ನೊಂದು ಅಂಕ." ಆಮೇಲೆ ದನಿ ತಗ್ಗಿಸಿ, "ನಿಮ್ ಗೆಂಡಿಸ್ ಒಬ್ಬಳೇ ಬು ಕೇರೀಲಿ ಕೆಳಗಿರೋದು. ಸ್ವಲ್ಪ ಉಣಿಸಿ" ಅಂದರು.

ನನಗೆ ಮೈಯೆಲ್ಲ ಉರಿಯಿತು. "ಅದಕ್ಕೇ ಕೇಳ್ತಿರೋದು ಪಕ್, ಪುಸ್ತಕ!" ಅಂದೆ. ಅವರಿಗೆ ಅದಕ್ಕೂ ಇದಕ್ಕೂ ಸಂಬಂಧ ಹೊಳೆಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಮ್ಮನೆ ಅಲ್ಲ. ಬು ವರ್ಸಿನಿ ಇಂಗ್ಗೀ ಅಂದು ಮನೆಗೆ ಬಂದಳು.

ಮಾರನೇ ದಿನ ಸಂಜೆ ನಾಲ್ಕಕ್ಕೆ ಆಕೆ ಬಟ್ಟಲು ಹಿಡಿದು, ಮಗುವನ್ನು ಸೊಂಟಕ್ಕೆ ಕಟ್ಟಿ ಭವನಕ್ಕೆ ಹೋದಳು. ಗಾಜಿನ ಮುಂದೆ ಕೂತಳು. ಗೆಂಡಿಸ್ ಗಾಜಿಗೆ ಮೂಗು ಒತ್ತಿ ಮುಖಪುಟದ ಜೆಸಿಬಿ ನೋಡಿ ಬಾಯಿ ತೆರೆದಳು. ಅರ್ಧ ಬಟ್ಟಲು ಹೋಯಿತು. ಮೂರನೇ ದಿನ ಬಾವಿಮನೆಯ ಅವಳಿಗಳು ಬಂದವು. ವಾರ ಕಳೆಯುವಷ್ಟರಲ್ಲಿ ಹದಿನೆಂಟು ಮಕ್ಕಳು, ಹದಿನೆಂಟು ಬಟ್ಟಲು, ನೆಲದ ತುಂಬ ಅನ್ನ, ಗಾಜಿನ ತುಂಬ ಮೂಗಿನ ಗುರುತು.

ಪಕ್ ಸುತಾರ್ಜೋ ತಲೆ ಮೇಲೆ ಕೈ ಹೊತ್ತು ಕೂತರು. ಆದರೆ ಉಗ್ರಾಣಿ ಉಗ್ರಾಣಿಯೇ, ಗದ್ದಲ ಕಂಡರೆ ನಿಯಮ ಮಾಡುತ್ತಾರೆ. ನೆಲಕ್ಕೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಸಿದರು. ಮಕ್ಕಳು ಅದರ ಹಿಂದೆ ಕೂರಬೇಕು. ಕೈ ಬೆನ್ನ ಹಿಂದೆ ಕಟ್ಟಬೇಕು. ಒಂದು ಕೈ ಮುಂದೆ ಬಂದರೂ ಬೀರುವಿನ ಪರದೆ ಎಳೆದುಬಿಡುತ್ತಿದ್ದರು. ಮಕ್ಕಳು ಎರಡೇ ದಿನಕ್ಕೆ ಕಲಿತವು. ಆಮೇಲೆ ಅವರಿಗೇ ಏನನಿಸಿತೋ, ದಿನಾ ಬೆಳಿಗ್ಗೆ ಏಳಕ್ಕೆ ಬೀಗ ತೆಗೆದು ಪುಸ್ತಕದ ಒಂದು ಹಾಳೆ ತಿರುಗಿಸಿಟ್ಟು ಮತ್ತೆ ಬೀಗ ಹಾಕತೊಡಗಿದರು. ದಿನಕ್ಕೊಂದು ಹಾಳೆ. ಎಂಟು ದಿನಕ್ಕೆ ಒಂದು ಸುತ್ತು.

ಕೇರಿಯ ಹೆಂಗಸರು ವಾರಗಳ ಹೆಸರೇ ಮರೆತರು.

"ಇವತ್ತೇನ್ರೀ?"

"ರೋಲರ್."

"ಅಯ್ಯೋ ಕರ್ಮವೇ, ರೋಲರ್ ದಿನ ನಮ್ಮದು ಬಾಯೇ ಬಿಡಲ್ಲ. ಟಿಪ್ಪರ್ ಯಾವತ್ತು?"

"ನಾಡಿದ್ದು. ಸೊಪ್ಪು ಅವತ್ತಿಗೆ ಇಟ್ಕೊಳ್ಳಿ."

ಕೊನೆಯ ಹಾಳೆಯಲ್ಲಿ ಗಾಡಿಗಳೆಲ್ಲ ಚಂದ್ರನ ಕೆಳಗೆ ಕಣ್ಣು ಮುಚ್ಚಿ ಮಲಗಿವೆ. ಆ ದಿನ ಕೇರಿಯ ಒಂದು ಮಗುವೂ ಉಣ್ಣುತ್ತಿರಲಿಲ್ಲ. ತುಟಿಗೆ ಬೆರಳಿಟ್ಟುಕೊಂಡು ನಮಗೇ ಶ್ ಅನ್ನುತ್ತಿದ್ದವು.

ಗೆಂಡಿಸಿಗೆ ಜೆಸಿಬಿ ಸಿಗುತ್ತಿದ್ದದ್ದು ಎಂಟು ದಿನಕ್ಕೊಮ್ಮೆ. ಆ ದಿನ ಬಟ್ಟಲು ಖಾಲಿ. ಉಳಿದ ಏಳು ದಿನ ಮೂರು ತುತ್ತು, ನಾಲ್ಕು ತುತ್ತು. ಅಜ್ಜಿ ದಿನವೂ ಮಿಕ್ಕ ಅನ್ನವನ್ನು ತಾನೇ ಉಂಡು ದಪ್ಪವಾದಳು, ಮಗು ಆಗಲಿಲ್ಲ. ಎರಡು ತಿಂಗಳಿಗೆ ಎಂಟು ಕೆಜಿ ಇನ್ನೂರು. ಗೆರೆ ಅಷ್ಟರಲ್ಲಿ ಎಂಟೂವರೆಯ ಹತ್ತಿರ ಹತ್ತಿತ್ತು. ಬು ವರ್ಸಿನಿ ಮತ್ತೆ ಪಕ್ ಸುತಾರ್ಜೋ ಹತ್ತಿರ ಹೋದಳು.

"ಪಕ್, ಜೆಸಿಬಿ ಹಾಳೆ ದಿನಾ ತೆರೆದಿಟ್ರೆ ಆಗಲ್ವಾ?"

"ಒಂದೇ ಹಾಳೆ ದಿನಾ ಬೆಳಕಿಗೆ ಬಿಟ್ರೆ ಬಣ್ಣ ಮಾಸುತ್ತೆ ಬು. ಎಲ್ಲ ಹಾಳೇನೂ ಒಂದೇ ಸಮ ಮಾಸಬೇಕು. ಅದೇ ನ್ಯಾಯ."

ಆಕೆ ಇಂಗ್ಗೀ ಅಂದಳು. ಮನೆಗೆ ಬಂದು ನನ್ನ ಎದುರು ಅತ್ತಳು. "ಊರ ಮಕ್ಕಳನ್ನೆಲ್ಲ ತೂಗಿದೆ ಲಾಸ್ಮಿ, ನನ್ನ ಮಗೂ ಈ ಕೈಯಲ್ಲೇ ಹಗುರ ಆಗ್ತಾ ಹೋಗ್ತಿದೆ" ಅಂದಳು. ಆಕೆಗೆ ಚಹಾ ಮಾಡಿಕೊಟ್ಟೆ.

ಸ್ಪರ್ಧೆಯ ದಿನವನ್ನು ತೂಕದ ಬುಧವಾರಕ್ಕೇ ಇಟ್ಟುಕೊಂಡಿದ್ದರು. ನಮ್ಮಲ್ಲಿ ಸ್ಪರ್ಧೆ ಅಂದರೆ ಮೊದಲು ತಾಲೀಮು. ಮಂಗಳವಾರ ಸ್ವಾಗತಗೀತೆ ತಾಲೀಮಾಯಿತು, ಚಪ್ಪಾಳೆ ತಾಲೀಮಾಯಿತು, ತೀರ್ಪುಗಾರರಿಗೆ ಚಹಾ ಕೊಡುವುದು ತಾಲೀಮಾಯಿತು. ಕೊನೆಗೆ ಗೆಂಡಿಸಿನ ತೂಕದ ತಾಲೀಮೂ ಆಯಿತು. ಎಂಟು ಕೆಜಿ ಮುನ್ನೂರು. ಗೆರೆ ಎಂಟು ಕೆಜಿ ಐನೂರು. ಪಕ್ ಸುತಾರ್ಜೋ 'ಗೆರೆಯ ಕೆಳಗೆ ಒಂದೂ ಮಗುವಿಲ್ಲದ ಕೇರಿ' ಅಂತ ಬ್ಯಾನರ್ ಆಗಲೇ ಮಾಡಿಸಿ ಸುರುಳಿ ಸುತ್ತಿಟ್ಟಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ!

ಅವರು ನಮ್ಮಿಬ್ಬರನ್ನು ಬಾಗಿಲ ಹಿಂದೆ ಕರೆದರು.

"ಇನ್ನೂರು ಗ್ರಾಂ ಬು. ಬರೀ ಇನ್ನೂರು. ಇಡೀ ಕೇರಿ ಮಾನ ಇನ್ನೂರು ಗ್ರಾಮಿನಲ್ಲಿ ನೇತಾಡ್ತಿದೆ."

"ಇಂಗ್ಗೀ."

"ಆ ಜೆಸಿಬಿ ಪುಸ್ತಕ ಇದೆಯಲ್ಲ, ನಾನೇ ತೂಗಿ ಬರೆದಿಟ್ಟಿದೀನಿ, ಮುನ್ನೂರು ಗ್ರಾಂ. ನಾಳೆ ಮಗು ಅದನ್ನ ಕೈಲಿ ಹಿಡ್ಕೊಂಡೇ ಕೂತ್ಕೊಳ್ಳಲಿ. ಅತ್ತರೆ ಸಮಾಧಾನಕ್ಕೆ ಕೊಟ್ವಿ ಅಂದ್ರಾಯ್ತು. ನೋಡೋಕೂ ಚೆಂದ, ಓದೋ ಮಗು!"

"ಮೂರು ತಿಂಗಳಿಂದ ಕೊಡದೇ ಇದ್ದೋರು ಈಗ ಕೊಡ್ತೀರಾ?" ಅಂದೆ ನಾನು.

"ಸ್ಪರ್ಧೆಗೆ ತಾನೇ ಇಟ್ಟಿರೋದು ಬು ಲಾಸ್ಮಿ!"

"ಗೆರೆ ಮೇಲೆ ಅಂತ ಬರೆದ್ರೆ ಮೊಟ್ಟೆ ನಿಲ್ಲಿಸ್ತಾರೆ ಪಕ್. ಬು ತಿತಿಕ್ ಮನೆಗೆ ಬರೋದೂ ನಿಲ್ಲುತ್ತೆ."

"ಮೇಲಿರೋ ಮಗೂಗೆ ಮೊಟ್ಟೆ ಯಾಕ್ರೀ?" ಅಂದರು ಪಕ್ ಸುತಾರ್ಜೋ. ನಿಜವಾಗಿಯೂ ಅರ್ಥವಾಗದೆ ಕೇಳಿದರು. ಇಂಥವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ.

ಬು ವರ್ಸಿನಿ ಇಂಗ್ಗೀ ಅಂದಳು. ಈ ಸಲದ ಇಂಗ್ಗೀ ಬಹಳ ಮೆತ್ತಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ಕೇಳಿದೆ, "ಹಾಗೇ ಮಾಡ್ತೀಯಾ?" ಅಂತ. ಆಕೆ, "ಇಡೀ ಕೇರಿ ನನ್ನ ಮುಖ ನೋಡ್ತಿದೆ ಲಾಸ್ಮಿ" ಅಂದಳು. ಆ ರಾತ್ರಿ ನಾನು ನನ್ನ ಗಂಡನ ಮೇಲೆ ಕಾರಣವಿಲ್ಲದೆ ಕೂಗಾಡಿದೆ.

ಬುಧವಾರ ಮೂವರು ತೀರ್ಪುಗಾರರು ಬಂದರು. ಜೊತೆಗೆ ಬು ತಿತಿಕ್ ಇದ್ದಳು. ಮುಖ್ಯ ತೀರ್ಪುಗಾರರು ಬಾತಿಕ್ ಅಂಗಿಯ, ಕನ್ನಡಕದ ಹಿರಿಯರು. ಗೀತೆಯಾಯಿತು, ಚಪ್ಪಾಳೆಯಾಯಿತು, ಬಾಳೆಎಲೆಯಲ್ಲಿ ಸುತ್ತಿದ ಅನ್ನದ ಅರೆಮ್-ಅರೆಮ್ ಪೊಟ್ಟಣಗಳು ತಟ್ಟೆಯಲ್ಲಿ ಬಂದವು. ಪಕ್ ಸುತಾರ್ಜೋ ಬೀರುವಿನ ಬೀಗ ತೆಗೆದು, ಮಕ್ಕಳ ಮಡಿಲಿಗೆ ಒಂದೊಂದು ಪುಸ್ತಕ ಇಟ್ಟರು.

"ಮಕ್ಕಳೇ, ಈಗ ಪುಸ್ತಕ ಓದಿ!" ಅಂದರು ತೀರ್ಪುಗಾರರು.

ಹದಿನೆಂಟೂ ಮಕ್ಕಳು ಬಿಳಿ ಗೆರೆಯ ಹಿಂದೆ ಸಾಲಾಗಿ ಕೂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಪುಸ್ತಕವನ್ನೇ ನೋಡುತ್ತ, ಬಾಯಿ ಅಗಲಕ್ಕೆ ತೆರೆದವು. ಒಂದೂ ಪುಸ್ತಕ ಮುಟ್ಟಲಿಲ್ಲ. ಹದಿನೆಂಟು ಬಾಯಿ ತೆರೆದದ್ದು ತೆರೆದೇ ಇದ್ದವು. ಒಂದು ಮಗುವಿನ ಜೊಲ್ಲು ಕೈ ತೊಳೆಯುವ ಆಮೆಯ ಮೇಲೆ ಬಿತ್ತು.

"ಇದೇನು?" ಅಂದರು ತೀರ್ಪುಗಾರರು.

"ಗಟ್ಟಿಯಾಗಿ ಓದೋಕೆ ತಯಾರಾಗ್ತಿವೆ ಸಾರ್" ಅಂದರು ಪಕ್ ಸುತಾರ್ಜೋ. ಹಣೆಯ ಮೇಲೆ ಬೆವರು.

ಬು ತಿತಿಕ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ತೀರ್ಪುಗಾರರು ಬಗ್ಗಿ, ಗೆಂಡಿಸಿನ ಒಂದು ಕೈಯನ್ನು ಬೆನ್ನ ಹಿಂದಿನಿಂದ ಬಿಡಿಸಿ ಮುಖಪುಟದ ಜೆಸಿಬಿಯ ಮೇಲೆ ಇಟ್ಟರು. ಮಗು ಪಕ್ ಸುತಾರ್ಜೋ ಮುಖ ನೋಡಿತು, ಪರದೆ ನೋಡಿತು. ಪರದೆ ಬೀಳಲಿಲ್ಲ. ಬೆರಳಿನಿಂದ ಬಕೆಟ್ಟಿನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿತು. ಆಮೇಲೆ ಪುಸ್ತಕವನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿತು. ಮೂರು ತಿಂಗಳು ಗಾಜಿನಾಚೆ ನೋಡಿದ್ದನ್ನು ಆ ಮಗು ಮುಟ್ಟಿದ್ದು ಆಗಲೇ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಒಂದೊಂದೇ ಮಗುವಿನ ತೂಕ ಆಗುತ್ತ ಬಂತು. ಕೊನೆಗೆ ಗೆಂಡಿಸ್. ತೀರ್ಪುಗಾರರು ಎದ್ದು ಹತ್ತಿರ ಬಂದರು. ಪಕ್ ಸುತಾರ್ಜೋ ದೊಡ್ಡ ದನಿಯಲ್ಲಿ, "ಪುಸ್ತಕ ಬಿಡಲ್ಲ ಅಂತಿದೆ ಮಗು, ಎಂಥಾ ಓದಿನ ಹುಚ್ಚು ನೋಡಿ! ಇರ್ಲಿ ಬು, ಹಿಡ್ಕೊಂಡೇ ಕೂತ್ಕೊಳ್ಳಲಿ" ಅಂದರು.

"ಇಂಗ್ಗೀ ಪಕ್" ಅಂದಳು ಬು ವರ್ಸಿನಿ.

ಮಗುವಿನ ಕೈಯಿಂದ ಪುಸ್ತಕ ಬಿಡಿಸಿಕೊಂಡಳು. ಗೆಂಡಿಸ್ ಸೂರು ಹಾರುವಂತೆ ಕಿರುಚಿದಳು. ಆಕೆ ಅವಸರ ಮಾಡಲಿಲ್ಲ. ಖಾಲಿ ಜೋಳಿಗೆಯೊಳಗೆ ಪುಸ್ತಕ ಇಟ್ಟಳು. ಕೋಲು ವಾಲಿತು. ತಗಡಿನ ಚಮಚ ತೆಗೆದು ಇನ್ನೊಂದು ತುದಿಯ ಚೀಲಕ್ಕೆ ಮರಳು ಹಾಕಿದಳು, ಒಂದು, ಎರಡು, ಮೂರು. ಕೋಲು ಮಟ್ಟಸವಾಗುವವರೆಗೆ ಹಾಕಿದಳು. ಪ್ರತಿ ಮಗುವಿಗೂ ಮರಳು ಹಾಕುವವಳು ಅಲ್ಲವೆ, ಯಾರೂ ಅದನ್ನು ವಿಶೇಷ ಅಂತ ನೋಡಲಿಲ್ಲ. ಪಕ್ ಸುತಾರ್ಜೋ ಬ್ಯಾನರಿನ ದಾರ ಬಿಚ್ಚುತ್ತಿದ್ದರು. ನಾನೊಬ್ಬಳು ಚಮಚ ಎಣಿಸಿದೆ.

ಆಮೇಲೆ ಮಗುವನ್ನು ಕೂರಿಸಿ ಪುಸ್ತಕವನ್ನು ಅದರ ಕೈಗೆ ಕೊಟ್ಟಳು. ಅಳು ನಿಂತಿತು. ಗುಂಡು ಸರಿಸಿದಳು, ಸರಿಸಿದಳು, ನಿಲ್ಲಿಸಿದಳು.

"ಎಂಟು ಕೆಜಿ ಮುನ್ನೂರು" ಅಂದಳು, ಎಲ್ಲರಿಗೂ ಕೇಳಿಸುವ ಹಾಗೆ.

ಬರೆದೆ. ಹನ್ನೊಂದು ವರ್ಷದಲ್ಲಿ ನಾನು ಅಷ್ಟು ದುಂಡಗೆ ಬರೆದದ್ದಿಲ್ಲ.

ಪಕ್ ಸುತಾರ್ಜೋ ಕೈಯಲ್ಲಿ ಬ್ಯಾನರ್ ಅರ್ಧ ಬಿಚ್ಚಿಕೊಂಡು ನಿಂತಿತ್ತು. "ಬು... ಪುಸ್ತಕ?"

"ಕೈಲೇ ಇದೆ ಪಕ್. ನೀವು ಹೇಳಿದ ಹಾಗೇ."

"ಮತ್ತೆ ತೂಕ?"

"ಪುಸ್ತಕದ ತೂಕ ಮರಳಲ್ಲಿ ಹೋಯ್ತು. ಇದು ಮಗೂದು." ಆಕೆ ಬು ತಿತಿಕ್ ಕಡೆ ತಿರುಗಿದಳು. "ಗೆರೆ ಕೆಳಗಿದೆ ಮೇಡಂ. ನನ್ನ ಮೊಮ್ಮಗಳು. ಬರ್ಕೊಳ್ಳಿ."

ಬು ತಿತಿಕ್ ಈಗ ನಗಲಿಲ್ಲ. ಗೆಂಡಿಸಿನ ಕಾರ್ಡಿನಲ್ಲಿ ಕೆಂಪು ಗೆರೆಯ ಕೆಳಗೆ ಚುಕ್ಕೆ ಇಟ್ಟು, "ನಾಳೆಯಿಂದ ದಿನಕ್ಕೆ ಎರಡು ಮೊಟ್ಟೆ" ಅಂದಳು. ಮುಖ್ಯ ತೀರ್ಪುಗಾರರು ಮರಳಿನ ಚೀಲವನ್ನು ಕೈಯಲ್ಲಿ ಎತ್ತಿ ನೋಡಿ, ಮೆಲ್ಲಗೆ ಕೆಳಗೆ ಬಿಟ್ಟರು. ಬಹುಮಾನ ಪಕ್ಕದ ಕೇರಿಗೆ ಹೋಯಿತು. ಅಲ್ಲಿ ಗೆರೆಯ ಕೆಳಗೆ ಒಂದೂ ಮಗು ಇಲ್ಲ, ಅಲ್ಲಿಯ ತೂಗುಕೋಲಿಗೆ ಮರಳಿನ ಚೀಲವೂ ಇಲ್ಲ. ನಮಗೆ 'ಪುಟಾಣಿಗಳ ಶಿಸ್ತಿಗಾಗಿ' ಅಂತ ಒಂದು ಪ್ರಶಸ್ತಿಪತ್ರ ಕೊಟ್ಟರು.

ಎಲ್ಲ ಹೋದ ಮೇಲೆ ಪಕ್ ಸುತಾರ್ಜೋ ಯಾರ ಮುಖವನ್ನೂ ನೋಡದೆ ಪುಸ್ತಕ ಎಣಿಸಿ ಬೀರುವಿಗೆ ಇಡತೊಡಗಿದರು. ಹತ್ತೊಂಬತ್ತು. ಇಪ್ಪತ್ತನೆಯದು ಗೆಂಡಿಸಿನ ಎದೆಗೆ ಅಂಟಿತ್ತು. ಬಂದು ಅದನ್ನು ಮೆಲ್ಲಗೆ ಎಳೆದುಕೊಂಡರು. ಬು ವರ್ಸಿನಿ ತಡೆಯಲಿಲ್ಲ. ನಾನು ತಡೆಯಲು ಎದ್ದೆ, ಆಕೆ ನನ್ನ ಸೆರಗು ಹಿಡಿದು ಕೂರಿಸಿದಳು.

ಮಗು ಅಳಲಿಲ್ಲ. ಅವರ ಕೈಯಲ್ಲಿ ಪುಸ್ತಕ ಕಂಡದ್ದೇ ತಡ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವರನ್ನೇ ನೋಡುತ್ತ ಬಾಯಿ ತೆರೆಯಿತು. ಅವರು ಕಲಿಸಿದ ಪಾಠ ಅದು. ಪಕ್ ಸುತಾರ್ಜೋ ಒಂದು ಹೆಜ್ಜೆ ಬಲಕ್ಕೆ ಹೋದರು, ಬಾಯಿ ಬಲಕ್ಕೆ ತಿರುಗಿತು. ಎಡಕ್ಕೆ ಬಂದರು, ಬಾಯಿಯೂ ಎಡಕ್ಕೆ ಬಂತು.

"ಏನ್ ಬು ಇದು?" ಅಂದರು.

"ಹಸಿವು ಪಕ್" ಅಂದಳು ಬು ವರ್ಸಿನಿ.

ತಟ್ಟೆಯಲ್ಲಿ ತೀರ್ಪುಗಾರರು ಮುಟ್ಟದೆ ಬಿಟ್ಟ ಒಂದು ಅರೆಮ್-ಅರೆಮ್ ಉಳಿದಿತ್ತು. ಅವರು ಬಾಳೆಎಲೆ ಬಿಚ್ಚಿ, ಒಂದು ಚೂರು ಮುರಿದು ಆ ಬಾಯಿಗೆ ಇಟ್ಟರು. ನುಂಗಿತು. ಮತ್ತೆ ತೆರೆಯಿತು. ಇನ್ನೊಂದು ಚೂರು ಇಟ್ಟರು. ಆಮೇಲೆ ಬಿಳಿ ಗೆರೆಯ ಮೇಲೆ ಮಂಡಿಯೂರಿ ಕೂತು, ಜೆಸಿಬಿ ಹಾಳೆಯನ್ನು ತಾವೇ ತೆರೆದು ಹಿಡಿದು, ಇಡೀ ಪೊಟ್ಟಣ ಉಣಿಸಿದರು. ಮನೆಗೆ ಹೋಗುವಾಗ ಬೀರುವಿಗೆ ಬೀಗ ಹಾಕಿದರು, ಉಗ್ರಾಣಿ ತಾನೇ. ಒಳಗೆ ಹತ್ತೊಂಬತ್ತು ಪುಸ್ತಕ ಮತ್ತು ಶಿಸ್ತಿನ ಪ್ರಶಸ್ತಿಪತ್ರ ಇತ್ತು. ಜೆಸಿಬಿ ಮಾತ್ರ ಗೆಂಡಿಸಿನ ಮಡಿಲಲ್ಲೇ ಉಳಿಯಿತು.

ಮುಂದಿನ ತಿಂಗಳ ಬುಧವಾರ ಗೆಂಡಿಸ್ ಪುಸ್ತಕ ಹಿಡಿದೇ ಬಂದಳು. ಬು ವರ್ಸಿನಿ ಹೋದ ಸಲದ ಹಾಗೇ ಮೊದಲು ಪುಸ್ತಕವನ್ನು ಖಾಲಿ ಜೋಳಿಗೆಗೆ ಹಾಕಿ ಮರಳು ಸರಿ ಮಾಡಿದಳು. ಈ ಸಲ ಮರಳು ಕಡಿಮೆ ಸಾಕಾಯಿತು. ಜೆಸಿಬಿಯ ಬಕೆಟ್ಟಿನ ಮೂಲೆ ಇರಲಿಲ್ಲ, ಅಗಿದು ನುಂಗಿದ್ದಳು. ಮಲಗಿದ ಗಾಡಿಗಳ ಹಾಳೆ ಇರಲೇ ಇಲ್ಲ. ಪಕ್ ಸುತಾರ್ಜೋ ಪಕ್ಕದಲ್ಲೇ ನಿಂತು ನೋಡುತ್ತಿದ್ದರು.

"ಎಷ್ಟು ಹೋಗಿದೆ ಬು?" ಅಂದರು.

"ಪುಸ್ತಕ ನಲವತ್ತು ಗ್ರಾಂ ಇಳಿದಿದೆ ಪಕ್" ಅಂದಳು ಬು ವರ್ಸಿನಿ. ಆಮೇಲೆ ಮಗುವನ್ನು ಕೂರಿಸಿ ಗುಂಡು ಸರಿಸಿದಳು. ಎಂಟು ಕೆಜಿ ಆರುನೂರೈವತ್ತು. ಗೆರೆ ಎಂಟು ಕೆಜಿ ಆರುನೂರು. ಆಕೆ ಎರಡು ಸಲ ನೋಡಿ, ಮೂರನೇ ಸಲ ನನ್ನನ್ನು ಕರೆದು ತೋರಿಸಿ, ಆಮೇಲೆಯೇ ಬರೆಯಲು ಹೇಳಿದಳು.